ಫೈರ್‌ವಾಲ್ ಆಫ್ ಮಾಡಬೇಡಿ

ಮಾನ್ಯ ಸಂಪಾದಕರೇ,

ಮನೆಯಲ್ಲೋ ಸಣ್ಣ ಕಚೇರಿಯಲ್ಲೋ ಮೂರ್ನಾಲ್ಕು ವಿಂಡೋಸ್ ಕಂಪ್ಯೂಟರ್‌ಗಳಿದ್ದು, ಫೈಲ್ ಹಂಚಿಕೆ ಕೈಕೊಟ್ಟರೆ ಕೆಲವರು ಹೊರಗಿನಿಂದ ಬರುವ ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲನ್ನೇ ಆಫ್ ಮಾಡಿಬಿಡುತ್ತಾರೆ. ದಯವಿಟ್ಟು ಬೇಡ. ಮೊದಲು ನೆಟ್‌ವರ್ಕ್ ಪ್ರೊಫೈಲ್ ನೋಡಿ: ಸ್ವಂತ ವೈಫೈ 'ಪಬ್ಲಿಕ್' ಎಂದಿದ್ದರೆ 'ಪ್ರೈವೇಟ್' ಮಾಡಿ. ಒಂದು ಕಂಪ್ಯೂಟರ್‌ನಲ್ಲಿ ಫೈರ್‌ವಾಲ್ ನಿಯಮಗಳನ್ನು (ಯಾವ ಸಂಪರ್ಕ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬುದನ್ನು) ಸರಿಪಡಿಸಿ, ಫೈರ್‌ವಾಲ್‌ನ 'ಅಡ್ವಾನ್ಸ್ಡ್ ಸೆಟ್ಟಿಂಗ್ಸ್'ನಲ್ಲಿ 'ಎಕ್ಸ್‌ಪೋರ್ಟ್ ಪಾಲಿಸಿ' ಒತ್ತಿದರೆ ಎಲ್ಲವೂ ಒಂದೇ ಫೈಲಿಗೆ ಬರುತ್ತವೆ. ಪೆನ್‌ಡ್ರೈವ್‌ನಲ್ಲಿ ಒಯ್ದು ಉಳಿದವುಗಳಲ್ಲಿ 'ಇಂಪೋರ್ಟ್' ಮಾಡಬಹುದು.

ಆದರೆ ಎಚ್ಚರ! ಇಂಪೋರ್ಟ್ ಮಾಡಿದ್ದು ಹಳೆಯ ನಿಯಮಗಳ ಜೊತೆ ಸೇರುವುದಿಲ್ಲ, ಅವನ್ನು ಪೂರ್ತಿ ಅಳಿಸಿ ಆ ಜಾಗದಲ್ಲಿ ಕೂರುತ್ತದೆ. ಆ ಕಂಪ್ಯೂಟರ್‌ಗಷ್ಟೇ ಬೇಕಿದ್ದ ಅಕೌಂಟಿಂಗ್ ಸಾಫ್ಟ್‌ವೇರ್‌ನ ಅನುಮತಿಯೂ ಹೋಗುತ್ತದೆ. ಆದ್ದರಿಂದ ಅಲ್ಲಿನ ನಿಯಮಗಳನ್ನೂ ಮೊದಲೇ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಫೈಲ್ ಹಂಚಿಕೆಯ 445, ದೂರದಿಂದ ಕಂಪ್ಯೂಟರ್ ಬಳಸುವ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್‌ಗಳ (ಸಂಪರ್ಕ ಒಳಬರುವ, ಸಂಖ್ಯೆ ಹೊತ್ತ ದ್ವಾರಗಳ) ನಿಯಮದಲ್ಲಿ 'ಸ್ಕೋಪ್' ತೆರೆದು ರಿಮೋಟ್ ವಿಳಾಸಕ್ಕೆ 'ಲೋಕಲ್ ಸಬ್‌ನೆಟ್' (ಅಂದರೆ ನಿಮ್ಮದೇ ನೆಟ್‌ವರ್ಕ್‌ನ ಕಂಪ್ಯೂಟರ್‌ಗಳು) ಒಂದನ್ನೇ ಇಡಿ.

– ಓದುಗ