ಮಹಾಯಾಜಕನ ಬಗ್ಗೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ಯೆಹೂದ್ಯರ ಮಹಾಯಾಜಕನ ಕುರಿತ ನಿನ್ನ ಕರಡನ್ನು ಎರಡು ಸಲ ಓದಿದೆ. ಮೊದಲ ಪ್ಯಾರಾದಲ್ಲೇ ಒಂದು ಹಗ್ಗ ಇದೆ. ಮಹಾಯಾಜಕ ದೇವಾಲಯದ ಒಳಕೋಣೆಯಲ್ಲಿ ಸತ್ತರೆ ಹೊರಗೆಳೆದುಕೊಳ್ಳಲೆಂದು ಅವನ ಕಾಲಿಗೆ ಕಟ್ಟಿದ ಹಗ್ಗ, ಗೆಜ್ಜೆಯ ಸದ್ದು ನಿಂತಿತೇ ಎಂದು ಹೊರಗೆ ಕಿವಿಗೊಟ್ಟು ನಿಂತ ಜನ. ಓದುಗರನ್ನು ಹಿಡಿದಿಡುವ ಚಿತ್ರ ಹೌದು, ಆದರೆ ತೆಗೆದುಬಿಡು. ಬೈಬಲ್ಲಿನಲ್ಲಿ, ಯೆಹೂದ್ಯರ ಹಳೆಯ ವಿಧಿಸಂಗ್ರಹವಾದ ಮಿಷ್ನಾದಲ್ಲಿ, ಅದರ ಮೇಲಿನ ಚರ್ಚೆಗಳ ಸಂಗ್ರಹವಾದ ತಾಲ್ಮುಡ್‌ನಲ್ಲಿ ಎಲ್ಲೂ ಆ ಹಗ್ಗ ಇಲ್ಲ. ಕಾಲಿಗೆ ಕಟ್ಟುವ ಮಾತು ಬರುವುದು 13ನೇ ಶತಮಾನದ ಸ್ಪೇನಿನಲ್ಲಿ ಬೆಳಕಿಗೆ ಬಂದ ಜೋಹರ್ ಎಂಬ ಯೆಹೂದ್ಯ ಅನುಭಾವ ಗ್ರಂಥದಲ್ಲಿ. ಅಷ್ಟು ಹೊತ್ತಿಗೆ ಜೆರುಸಲೇಮಿನ ದೇವಾಲಯ ಸುಟ್ಟು ಸಾವಿರದ ಇನ್ನೂರು ವರ್ಷ ಕಳೆದಿತ್ತು. ಗೆಜ್ಜೆಯಂತೂ ಅಲ್ಲಿ ಸಾಧ್ಯವೇ ಇಲ್ಲ. ಗೆಜ್ಜೆ ಇರುವುದು ನೀಲಿ ನಿಲುವಂಗಿಯ ಅಂಚಿನಲ್ಲಿ, ದಾಳಿಂಬೆ ಆಕಾರದ ಕುಚ್ಚುಗಳ ನಡುವೆ. ದೇವಾಲಯದ ಅತಿ ಒಳಗಿನ ಕೋಣೆಯಾದ ಮಹಾಪವಿತ್ರಸ್ಥಾನಕ್ಕೆ ಹೋಗುವಾಗ ಅವನು ಆ ನಿಲುವಂಗಿಯನ್ನು ಬಿಚ್ಚಿಟ್ಟು ಬಿಳಿ ನಾರುಮಡಿಯಲ್ಲಿ ಹೋಗುತ್ತಾನೆ.

ಪದಗಳ ವಿಷಯ. ಕನ್ನಡ ಬೈಬಲ್ಲು ರೂಢಿಸಿದ 'ಮಹಾಯಾಜಕ' ಸಾಕು. ಹೀಬ್ರೂ ಹೆಸರು ಬೇಕೆನಿಸಿದರೆ 'ಕೊಹೆನ್ ಗಾದೋಲ್' ಎಂದು ಒಮ್ಮೆ ಹೇಳು. ನೀನು 'ಪ್ರಧಾನ ಅರ್ಚಕ', 'ಗರ್ಭಗುಡಿ' ಎಂದು ಬರೆದಿದ್ದೀಯ. ಗರ್ಭಗುಡಿ ಎಂದ ಕೂಡಲೇ ನಮ್ಮ ಓದುಗರ ಕಣ್ಣಿಗೆ ಮೂರ್ತಿ, ನಂದಾದೀಪ, ಮಂಗಳಾರತಿ, ದರ್ಶನಕ್ಕೆ ನಿಂತ ಸಾಲು ಎಲ್ಲ ಬಂದುಬಿಡುತ್ತದೆ. ಇಲ್ಲಿ ಮೂರ್ತಿ ಇಲ್ಲ, ದರ್ಶನ ಇಲ್ಲ. ಮೊದಲನೆಯದು ನಾಶವಾದ ಮೇಲೆ ಕಟ್ಟಿದ ಎರಡನೆಯ ದೇವಾಲಯದಲ್ಲಿ, ದೇವರ ಆಜ್ಞೆಗಳ ಕಲ್ಲಿನ ಹಲಗೆಗಳಿದ್ದ ಒಡಂಬಡಿಕೆಯ ಪೆಟ್ಟಿಗೆಯೂ ಇರಲಿಲ್ಲ. ನೆಲದಿಂದ ಮೂರು ಬೆರಳು ಎತ್ತರದ ಒಂದು ಕಲ್ಲು ಮಾತ್ರ ಇತ್ತು ಎನ್ನುತ್ತದೆ ಮಿಷ್ನಾ. ಅದರ ಹೆಸರು 'ಶೆತಿಯಾ'. ವರ್ಷಕ್ಕೆ ಒಂದೇ ದಿನ, ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತದ ದಿನ, ಒಬ್ಬನೇ ಮನುಷ್ಯ ಆ ಬರಿದಾದ ಕೋಣೆಗೆ ಹೋಗುತ್ತಿದ್ದ. ಆ ಖಾಲಿತನವನ್ನು ಓದುಗರು ಅನುಭವಿಸದಿದ್ದರೆ ಉಳಿದ ಯಾವುದೂ ಅರ್ಥವಾಗದು.

'ದೇವರಿಗೂ ಜನರಿಗೂ ನಡುವಿನ ಸೇತುವೆ' ಎಂಬ ಮಾತು ನಾಲ್ಕು ಕಡೆ ಬಂದಿದೆ. ನಾಲ್ಕನ್ನೂ ಹೊಡೆದುಹಾಕಿ ಬಟ್ಟೆಯ ವಿವರ ಕೊಡು. ಎರಡು ಹೆಗಲ ಮೇಲೆ ಎರಡು ಕಲ್ಲು, ಒಂದೊಂದರಲ್ಲೂ ಆರು ಕುಲಗಳ ಹೆಸರು. ಎದೆಯ ಪದಕದಲ್ಲಿ ಸಾಲಿಗೆ ಮೂರರಂತೆ ನಾಲ್ಕು ಸಾಲು, ಹನ್ನೆರಡು ರತ್ನ, ಅವುಗಳಲ್ಲೂ ಅದೇ ಹೆಸರುಗಳು. ಜನರನ್ನು ಹೊತ್ತು ನಿಲ್ಲುವುದು ಅವನ ಕೆಲಸ ಎಂಬುದನ್ನು ಬೈಬಲ್ಲಿನ ವಿಮೋಚನಕಾಂಡ ಅಕ್ಷರಶಃ ಹೊರೆಯಾಗಿಸಿಯೇ ಹೇಳಿದೆ. ನಿತ್ಯಸೇವೆಗೆ ಎಂಟು ಉಡುಪು. ಒಳಕೋಣೆಗೆ ನಾಲ್ಕೇ: ಅಂಗಿ, ಚಡ್ಡಿ, ನಡುಕಟ್ಟು, ಮುಂಡಾಸು, ಎಲ್ಲ ಬಿಳಿ. ಚಿನ್ನ ಏಕೆ ಹೊರಗುಳಿಯುತ್ತದೆ ಎಂಬುದಕ್ಕೆ ತಾಲ್ಮುಡ್ ಕೊಡುವ ಕಾರಣ ನನಗೆ ಬಹಳ ಇಷ್ಟ: ಚಿನ್ನದ ಬಸವನನ್ನು ಮಾಡಿ ಪಾಪ ಮಾಡಿದ ಜನ ಇವರು, ಆರೋಪ ಹೊರಿಸುವ ಲೋಹವೇ ಅವರ ಪರ ವಕಾಲತ್ತು ಮಾಡಲಾರದು.

ಯೋಮ್ ಕಿಪ್ಪುರ್ ದಿನದ ಸೇವೆಗೆ ಮಿಷ್ನಾದ 'ಯೋಮಾ' ಭಾಗವನ್ನು ಆಧಾರ ಮಾಡಿಕೊ. ಆದರೆ ಮಿಷ್ನಾ ಸಂಕಲನವಾದದ್ದು ಸುಮಾರು ಕ್ರಿ.ಶ. 200ರಲ್ಲಿ, ದೇವಾಲಯ ಬಿದ್ದದ್ದು 70ರಲ್ಲಿ. ಆದ್ದರಿಂದ 'ಹೀಗೆ ನಡೆಯಿತು' ಎನ್ನಬೇಡ, 'ಮಿಷ್ನಾ ನೆನಪಿಟ್ಟಂತೆ' ಎನ್ನು. ಏಳು ದಿನ ಮೊದಲೇ ಅವನನ್ನು ಮನೆಯಿಂದ ದೇವಾಲಯದ ಕೋಣೆಗೆ ಕರೆತರುತ್ತಿದ್ದರು. ಏನಾದರೂ ಮೈಲಿಗೆಯಾದರೆ ಇರಲೆಂದು ಇನ್ನೊಬ್ಬ ಯಾಜಕನನ್ನು ಸಿದ್ಧವಾಗಿಡುತ್ತಿದ್ದರು. ಅವನು 'ತನಗಾಗಿಯೂ ತನ್ನ ಮನೆಗಾಗಿಯೂ' ಪ್ರಾಯಶ್ಚಿತ್ತ ಮಾಡಬೇಕು. ಮನೆ ಎಂದರೆ ಹೆಂಡತಿ ಎನ್ನುತ್ತದೆ ಮಿಷ್ನಾ. 'ನಮ್ಮ ಮನೆಯವರು' ಎನ್ನುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ, ಹಾಗೇ ಬಿಡು. ಹಿರಿಯರು ಅವನ ಮುಂದೆ ವಿಧಿಗಳನ್ನು ಓದಿ, 'ಸ್ವಾಮಿ, ನೀವೂ ನಿಮ್ಮ ಬಾಯಿಂದ ಓದಿ, ಮರೆತಿರಬಹುದು ಅಥವಾ ಕಲಿತೇ ಇಲ್ಲದಿರಬಹುದು' ಎನ್ನುತ್ತಿದ್ದರು. ಹಿಂದಿನ ಸಂಜೆ ಹೆಚ್ಚು ಉಣಬಿಡುತ್ತಿರಲಿಲ್ಲ, ಉಂಡರೆ ನಿದ್ದೆ ಬರುತ್ತದೆ. ರಾತ್ರಿ ತೂಕಡಿಸಿದರೆ ಕಿರಿಯ ಯಾಜಕರು ಬೆರಳು ಚಿಟಿಕೆ ಹೊಡೆದು, ತಣ್ಣನೆಯ ನೆಲದ ಮೇಲೆ ನಿಲ್ಲಿಸುತ್ತಿದ್ದರು. ಹೇಳಿಕೊಟ್ಟದ್ದರಲ್ಲಿ ಒಂದನ್ನೂ ಬದಲಿಸುವುದಿಲ್ಲ ಎಂದು ಪ್ರಮಾಣ ಮಾಡಿಸಿದ ಮೇಲೆ ಅವನು ಆಚೆ ತಿರುಗಿ ಅಳುತ್ತಿದ್ದ, ಮಾಡಿಸಿದವರೂ ತಿರುಗಿ ಅಳುತ್ತಿದ್ದರು. ಅವನಿಗೆ ತನ್ನನ್ನು ಶಂಕಿಸಿದರೆಂಬ ನೋವು, ಅವರಿಗೆ ಶಂಕಿಸಬೇಕಾಯಿತೆಂಬ ನೋವು. ಶಂಕೆ ಹುಟ್ಟಿದ್ದು ಧೂಪದ ವಿಷಯದಲ್ಲಿ. ಆಗಿನ ಯೆಹೂದ್ಯರ ಎರಡು ಪಂಗಡಗಳಲ್ಲಿ, ಧೂಪವನ್ನು ಒಳಗೆ ಹೋದ ಮೇಲೆ ಕೆಂಡಕ್ಕೆ ಹಾಕಬೇಕೆಂದು ಫರಿಸಾಯರು, ಹೊರಗೇ ಹಾಕಿಕೊಂಡು ಹೋಗಬೇಕೆಂದು ಸದ್ದುಕಾಯರು ವಾದಿಸುತ್ತಿದ್ದರು. ಒಳಗೆ ಏನು ಮಾಡಿದನೆಂದು ನೋಡುವವರು ಯಾರು?

ನಿನ್ನ ಲೇಖನದ ಎದೆ ಇರಬೇಕಾದದ್ದು ಆ ಧೂಪದಲ್ಲಿ. ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಬಲಗೈಯಲ್ಲಿ ಮೂರು ಕಾವ್ ಕೆಂಡ ಹಿಡಿಯುವ ಚಿನ್ನದ ಅಗ್ಗಿಷ್ಟಿಕೆ. ಒಂದು ಕಾವ್ ಎಂದರೆ 24 ಮೊಟ್ಟೆಗಳ ಗಾತ್ರ. ಎಡಗೈಯಲ್ಲಿ ಧೂಪದ ಪಾತ್ರೆ, ಅದರಲ್ಲಿ ಅವನದೇ ಎರಡು ಕೈ ಕೂಡಿದ ಒಂದು ಬೊಗಸೆಯಷ್ಟು ಧೂಪ. ಕೈ ದೊಡ್ಡದಿದ್ದರೆ ಹೆಚ್ಚು, ಚಿಕ್ಕದಿದ್ದರೆ ಕಡಿಮೆ. ಎರಡು ಪರದೆಗಳ ನಡುವಿನ ಒಂದು ಮೊಳ ಜಾಗದಲ್ಲಿ ನಡೆದು ಒಳಸೇರಿ, ಅಗ್ಗಿಷ್ಟಿಕೆಯನ್ನು ಕಲ್ಲಿನ ಮೇಲಿಡಬೇಕು. ಆಮೇಲೆ ಪಾತ್ರೆಯನ್ನು ಬೆರಳ ತುದಿಯಲ್ಲಿ, ಕೆಲವರ ಪ್ರಕಾರ ಹಲ್ಲಿನಲ್ಲಿ, ಹಿಡಿದು ಬೊಗಸೆಗೆ ಧೂಪ ಸುರಿದುಕೊಳ್ಳಬೇಕು, ಒಂದು ಚಿಟಿಕೆಯೂ ಚೆಲ್ಲದಂತೆ. ದೇವಾಲಯದ ಅತಿ ಕಷ್ಟದ ಸೇವೆಗಳಲ್ಲಿ ಇದನ್ನು ಎಣಿಸುತ್ತಾರೆ. ಕೋಣೆಯಲ್ಲಿ ಹೊಗೆ ತುಂಬಿದ ಮೇಲೆ, ಬೆನ್ನು ಹಾಕದೆ ಹಿಂದೆಹಿಂದೆಯೇ ಹೊರಬಂದು ಒಂದು ಪುಟ್ಟ ಪ್ರಾರ್ಥನೆ ಹೇಳುತ್ತಿದ್ದ. ಉದ್ದ ಮಾಡುವಂತಿಲ್ಲ, ಹೊರಗಿನ ಜನ ಗಾಬರಿಯಾಗುತ್ತಾರೆ. ತಾಲ್ಮುಡ್ ಆ ಪ್ರಾರ್ಥನೆಯನ್ನೂ ಉಳಿಸಿದೆ: ಈ ವರ್ಷ ಮಳೆ ಬರಲಿ, ನಿನ್ನ ಜನ ಹೊಟ್ಟೆಪಾಡಿಗೆ ಒಬ್ಬರ ಮುಂದೊಬ್ಬರು ಕೈಚಾಚದಿರಲಿ, ಮಳೆ ಬೇಡವೆನ್ನುವ ದಾರಿಹೋಕರ ಬೇಡಿಕೆ ನಿನ್ನನ್ನು ತಲುಪದಿರಲಿ. ಇಡೀ ವರ್ಷದಲ್ಲಿ ಸಿಗುವ ಅಷ್ಟು ಹೊತ್ತಿನಲ್ಲಿ ಅವನು ಕೇಳಿದ್ದು ಇದನ್ನು. ಈ ಪ್ರಾರ್ಥನೆ ನಿನ್ನ ಲೇಖನದಲ್ಲಿ ಇರಲೇಬೇಕು.

ಬಲಿಯ ರಕ್ತ ಚಿಮುಕಿಸುವಾಗಿನ ಎಣಿಕೆಯನ್ನೂ ಸೇರಿಸು: ಮೇಲಕ್ಕೆ ಒಂದು, ಕೆಳಕ್ಕೆ ಏಳು. 'ಒಂದು, ಒಂದು ಮತ್ತು ಒಂದು, ಒಂದು ಮತ್ತು ಎರಡು' ಎಂದು, ಮೇಲಿನ ಒಂದನ್ನು ಪ್ರತಿ ಸಲವೂ ಸೇರಿಸಿ, ಬಾಯಿಬಿಟ್ಟು ಎಣಿಸುತ್ತಿದ್ದದ್ದು ಲೆಕ್ಕ ತಪ್ಪಬಾರದೆಂದು. ಐದು ಸಲ ಮುಳುಗು ಸ್ನಾನ, ಹತ್ತು ಸಲ ಕೈಕಾಲು ತೊಳೆಯುವುದು. ಚಿನ್ನದಿಂದ ಬಿಳಿಗೆ, ಬಿಳಿಯಿಂದ ಚಿನ್ನಕ್ಕೆ ಉಡುಪು ಬದಲಾದಾಗಲೆಲ್ಲ.

'ಎಲ್ಲರ ಪಾಪವನ್ನೂ ತೊಳೆಯುತ್ತಾನೆ' ಎಂದಿರುವುದು ತಪ್ಪು. ಅವನು ಮೊದಲು ತನ್ನ ಮತ್ತು ತನ್ನ ಮನೆಯ ಪಾಪ ಹೇಳಿಕೊಳ್ಳುತ್ತಾನೆ, ತನ್ನ ಸ್ವಂತ ಹೋರಿಯ ಮೇಲೆ ಕೈಯೂರಿ. ಎರಡನೆಯ ಸಲ ಅದೇ ಹೋರಿಯ ಮೇಲೆ ಯಾಜಕರನ್ನೂ ಸೇರಿಸಿಕೊಂಡು. ಮೂರನೆಯದಾಗಿ, ಅಡವಿಗೆ ಬಿಡುವ ಹೋತದ ಮೇಲೆ ಇಸ್ರಾಯೇಲರೆಲ್ಲರ ಪಾಪ. ಅಷ್ಟಾದರೂ, ಒಬ್ಬ ಮನುಷ್ಯ ಇನ್ನೊಬ್ಬನಿಗೆ ಮಾಡಿದ ತಪ್ಪು, ಅವನನ್ನು ಸಮಾಧಾನಪಡಿಸುವವರೆಗೆ ಈ ದಿನದಿಂದಲೂ ಕಳೆಯದು ಎಂದು ಮಿಷ್ನಾ ಖಚಿತವಾಗಿ ಹೇಳುತ್ತದೆ. ಪಟ್ಟ ಇದ್ದಮಾತ್ರಕ್ಕೆ ಅವನು ಎಲ್ಲರಿಗಿಂತ ಮೇಲೂ ಅಲ್ಲ. ಓದು ಬಾರದ ಮಹಾಯಾಜಕನಿಗಿಂತ ಕುಲದಲ್ಲಿ ಕಳಂಕವುಳ್ಳ ವಿದ್ವಾಂಸ ದೊಡ್ಡವನು ಎಂಬ ಮಾತು ಅದೇ ಮಿಷ್ನಾದಲ್ಲಿದೆ. ಗೊತ್ತಿಲ್ಲದೆ ಕೊಲೆ ಮಾಡಿ, ಸೇಡಿನಿಂದ ಪಾರಾಗಲು ಆಶ್ರಯನಗರ ಸೇರಿದ್ದವರು ಮಹಾಯಾಜಕ ಸತ್ತಾಗ ಬಿಡುಗಡೆಯಾಗುತ್ತಿದ್ದರು. ತಮ್ಮ ಮಗ ಸಾಯಲೆಂದು ಅವರು ಬೇಡದಿರಲಿ ಎಂದು ಮಹಾಯಾಜಕರ ತಾಯಂದಿರು ಅವರಿಗೆ ಅನ್ನ, ಬಟ್ಟೆ ಕೊಡುತ್ತಿದ್ದರಂತೆ.

'70ರಲ್ಲಿ ಎಲ್ಲ ಮುಗಿಯಿತು' ಎಂಬ ಕೊನೆಯ ಸಾಲನ್ನೂ ತಿದ್ದು. ಪಟ್ಟ ಮುಗಿಯಿತು, ಸೇವೆ ಬಾಯಿಮಾತಿನಲ್ಲಿ ಉಳಿಯಿತು. ಇಂದಿಗೂ ಯೋಮ್ ಕಿಪ್ಪುರ್‌ನ ಮೂಸಾಫ್ ಎಂಬ ಹೆಚ್ಚುವರಿ ಪ್ರಾರ್ಥನೆಯಲ್ಲಿ ಈ ಕ್ರಮವನ್ನೆಲ್ಲ, ಆ ಎಣಿಕೆಯ ಸಮೇತ, ಹಾಡಿ ಹೇಳುತ್ತಾರೆ. ಮಹಾಯಾಜಕ ದೇವರ ಹೆಸರು ಉಚ್ಚರಿಸಿದ ಜಾಗ ಬಂದಾಗ, ಆ ಹೆಸರನ್ನು ಉಚ್ಚರಿಸದೆಯೇ, ಅನೇಕ ಸಭಾಮಂದಿರಗಳಲ್ಲಿ ಜನ ನೆಲಕ್ಕೆ ಹಣೆಯೂರುತ್ತಾರೆ.

ಇನ್ನೊಂದು. ಯೋಮ್ ಕಿಪ್ಪುರ್ ಬರುವುದು ಯೆಹೂದ್ಯ ಪಂಚಾಂಗದ ತಿಶ್ರಿ ತಿಂಗಳ 10ಕ್ಕೆ, ಸೆಪ್ಟೆಂಬರ್ 10 ಅಲ್ಲ. ನಮ್ಮ ಯುಗಾದಿಯ ಹಾಗೆ ಅದೂ ಚಂದ್ರನ ಲೆಕ್ಕದ್ದು, ಸೆಪ್ಟೆಂಬರ್-ಅಕ್ಟೋಬರ್ ನಡುವೆ ಸರಿದಾಡುತ್ತದೆ. ತಿದ್ದಿ ಕಳಿಸು, ಓದುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ