ಮನೆಯಲ್ಲೇ ಕಲಿಯುವ ಮಕ್ಕಳಿಗೆ ಬೇರೆ ದೇಶದ ಕ್ಯಾಲೆಂಡರ್ ಬೇಡ

ಮಾನ್ಯ ಸಂಪಾದಕರೇ,

ಶಾಲಾ ಪ್ರವೇಶಾತಿಯ ಜಾಹೀರಾತುಗಳು ಪತ್ರಿಕೆಯ ಪುಟ ತುಂಬುವ ಈ ದಿನಗಳಲ್ಲಿ ನನಗೆ ಬೇರೆಯೇ ಬಗೆಯ ಕರೆಗಳು ಬರುತ್ತಿವೆ. ನಮ್ಮ ಚರ್ಚ್‌ನ, ಆಸುಪಾಸಿನ ಚರ್ಚ್‌ಗಳ ಎಳೆಯ ತಾಯಂದಿರು, ‘ಟೀಚರ್, ಮಗುವಿಗೆ ಒಂದೆರಡು ವರ್ಷ ಮನೆಯಲ್ಲೇ ಕಲಿಸೋಣ ಎಂದಿದ್ದೇವೆ, ನಿಮ್ಮ ಟೈಮ್‌ಟೇಬಲ್ ಕಳುಹಿಸಿ’ ಎಂದು ಕೇಳುತ್ತಾರೆ. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ನಿಮ್ಮ ಅಂಕಣದಲ್ಲೇ ಹೇಳಿಬಿಡುತ್ತೇನೆ. ಟೈಮ್‌ಟೇಬಲ್ ಆಮೇಲೆ. ಮೊದಲು ಗೋಡೆಯ ಕ್ಯಾಲೆಂಡರನ್ನು ಕೆಳಗಿಳಿಸಿ, ಗಂಡ ಹೆಂಡತಿ ಇಬ್ಬರೂ ಅದರ ಮುಂದೆ ಕುಳಿತುಕೊಳ್ಳಿ.

ಒಂಬತ್ತು ವರ್ಷ ಒಂದನೇ ತರಗತಿಯ ಶಿಕ್ಷಕಿಯಾಗಿದ್ದವಳು ನಾನು. ಈಗ ಏಳು ವರ್ಷದ ಮಗಳಿಗೂ ಐದು ವರ್ಷದ ಮಗನಿಗೂ ಮನೆಯಲ್ಲೇ ಕಲಿಸುತ್ತಿದ್ದೇನೆ. ಮೊದಲ ವರ್ಷ ಭಯಕ್ಕೆ ಅಮೆರಿಕದ ಒಂದು ಕ್ರೈಸ್ತ ಪಠ್ಯಕ್ರಮದ ಇಡೀ ಪೆಟ್ಟಿಗೆಯನ್ನೇ ತರಿಸಿದೆ. ಸಾಗಾಣಿಕೆ, ಸುಂಕ ಎಲ್ಲ ಸೇರಿ 28 ಸಾವಿರ ರೂಪಾಯಿ ಆಯಿತು. 36 ವಾರ, 180 ದಿನ. ಯಾವ ದಿನ ಬೈಬಲಿನ ಯಾವ ವಾಕ್ಯ ಬಾಯಿಪಾಠ ಎಂಬುದೂ ಅಚ್ಚಾಗಿತ್ತು. ಒಳ್ಳೆಯ ಪುಸ್ತಕಗಳೇ, ಅಲ್ಲಿನ ಮಕ್ಕಳಿಗಾಗಿ ಶ್ರದ್ಧೆಯಿಂದ ಮಾಡಿದವು. ಆದರೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಅದು ‘ಉದುರಿದ ಕೆಂಪು ಎಲೆಗಳನ್ನು ಆರಿಸಿ ತನ್ನಿ’ ಎಂದಿತು. ನಮ್ಮ ಕಲ್ಯಾಣಪುರದ ಗದ್ದೆಗಳಲ್ಲಿ ಆಗ ತೆನೆ ಬಾಗಿತ್ತು. ಮಗಳು ಹಬ್ಬಕ್ಕೆ ಮೊದಲಿನ ಒಂಬತ್ತು ದಿನವೂ ಬುಟ್ಟಿ ತುಂಬ ಹೂವು ಒಯ್ದು ಕನ್ಯಾಮರಿಯಮ್ಮನಿಗೆ ಅರ್ಪಿಸಿ ಬರುತ್ತಿದ್ದಳು. ಕನ್ಯಾಮರಿಯಮ್ಮನ ಹುಟ್ಟುಹಬ್ಬವೂ ನಮ್ಮ ತೆನೆಹಬ್ಬವೂ ಆದ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ನ ಹಿಂದಿನ ಸಂಜೆ ಆ ದೊಡ್ಡ ಪುಸ್ತಕವನ್ನು ಹಿಂದೆ ಮುಂದೆ ಮಗುಚಿ, ‘ಮಮ್ಮಿ, ನಮ್ಮ ಹಬ್ಬ ಇದರಲ್ಲಿ ಎಲ್ಲಿದೆ?’ ಎಂದು ಕೇಳಿದಳು. ಪೆಟ್ಟಿಗೆ ಅಂದೇ ಅಟ್ಟ ಸೇರಿತು.

ಈಗ ನಮ್ಮ ವರ್ಷವನ್ನು ಹೂಡುವುದು ಮಳೆ, ಕಡಲು ಮತ್ತು ಚರ್ಚ್. ನನ್ನ ಗಂಡ ಮಲ್ಪೆಯ ಐಸ್ ಪ್ಲಾಂಟ್ ಒಂದರಲ್ಲಿ ಕೆಲಸಕ್ಕಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡದಲ್ಲಿದ್ದರೆ ಮಂಜುಗಡ್ಡೆಯನ್ನು ಕೇಳುವವರಿಲ್ಲ, ಅವರು ಮಧ್ಯಾಹ್ನಕ್ಕೇ ಮನೆಗೆ ಬರುತ್ತಾರೆ. ಆದ್ದರಿಂದ ಆ ಎರಡು ತಿಂಗಳ ಲೆಕ್ಕದ ಪಾಠ ಅಪ್ಪನದು. ಬೈಬಲ್ ಪಾಠ ನೋಹನದು. ಹೊರಗೆ ಮಾಡು ಹಾರುವಂತೆ ಹೊಯ್ಯುತ್ತಿರುವಾಗ ನಲವತ್ತು ಹಗಲು ನಲವತ್ತು ಇರುಳಿನ ಮಳೆಯನ್ನು ಯಾರೂ ವಿವರಿಸಬೇಕಿಲ್ಲ. ತಲೆ ಕತ್ತರಿಸಿದ ಬಾಟಲಿಗೆ ಸ್ಕೇಲ್ ಅಂಟಿಸಿ ಅಂಗಳದಲ್ಲಿಟ್ಟು, ಬೆಳಿಗ್ಗೆ ಎಷ್ಟು ಮಿಲಿಮೀಟರ್ ಎಂದು ಇಬ್ಬರೂ ನೋಡಿ ಬರೆಯುತ್ತಾರೆ. ಕಳೆದ ವರ್ಷ ಹೀಗೆ ನಲವತ್ತು ದಿನ ಬರೆದರು. ಬಾಟಲಿ ಒಣಗಿದ್ದದ್ದು ಮೂರೇ ದಿನ.

ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗಿಳಿದಾಗ ಯೇಸುವಿನ ಶಿಷ್ಯ ಪೇತ್ರನ ಬಲೆಯ ಕಥೆ. ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಆ ಬಲೆಗೆ ಬಿದ್ದ ದೊಡ್ಡ ಮೀನುಗಳು 153 ಎಂದು ಸರಿಯಾದ ಲೆಕ್ಕವೇ ಇದೆ. ‘ಅಷ್ಟೊಂದು ಮೀನನ್ನು ಕುಳಿತು ಎಣಿಸಿದವರು ಯಾರು?’ ಎಂದು ಮಗಳು ಕೇಳಿದಳು. ಅಪ್ಪ ನಗಲಿಲ್ಲ. ‘ಎಣಿಸದಿದ್ದರೆ ಪಾಲು ಹಾಕುವುದು ಹೇಗೆ?’ ಎಂದು ಹುಣಿಸೆ ಬೀಜದ ಡಬ್ಬ ತಂದು ಚಾಪೆಯ ಮೇಲೆ ಸುರಿದರು. ಆ ದಿನ ದೋಣಿಯಲ್ಲಿದ್ದ ಶಿಷ್ಯರು ಏಳು ಮಂದಿ. ಏಳು ಗುಡ್ಡೆ ಮಾಡಿ, ಒಂದೊಂದಕ್ಕೂ ಒಂದೊಂದು ಬೀಜದಂತೆ ಹಾಕುತ್ತಾ ಹೋದಳು. ಒಬ್ಬೊಬ್ಬರಿಗೆ 21 ಬಂತು, ಆರು ಬೀಜ ಮಿಕ್ಕಿತು. ಮತ್ತೆ ಎಣಿಸಿದಳು, ಮತ್ತೆ ಆರೇ. ಇದು ಯಾರಿಗೆ ಎಂದು ಅವಳು ತಲೆ ಕೆರೆದುಕೊಳ್ಳುತ್ತಿರುವಾಗ, ಅಲ್ಲಿಯವರೆಗೆ ಬೀಜಗಳನ್ನು ಚಾಪೆಯಡಿ ಬಚ್ಚಿಡಲು ನೋಡುತ್ತಿದ್ದ ತಮ್ಮ, ‘ದಡದಲ್ಲಿ ಯೇಸುಸ್ವಾಮಿ ಬೆಂಕಿ ಹಾಕಿ ಕಾಯುತ್ತಿದ್ದಾರಲ್ಲ, ಅವರಿಗೆ’ ಎಂದ. ಭಾಗಾಕಾರ ಎಂಬ ಪದವನ್ನು ನಾನು ಅವಳಿಗೆ ಹೇಳಿಕೊಟ್ಟದ್ದು ಇದಾದ ಎರಡು ವಾರದ ಮೇಲೆ.

ಸೆಪ್ಟೆಂಬರ್‌ಗೆ ತೆನೆಹಬ್ಬ, ಜೊತೆಗೆ ಹೊಲದಲ್ಲಿ ತೆನೆ ಹಕ್ಕಲಾಯುವ ಬೈಬಲಿನ ರೂತಳ ಕಥೆ. ಅಕ್ಟೋಬರ್ ಜಪಸರದ (ಮಣಿ ಎಣಿಸಿ ಮಾಡುವ ಪ್ರಾರ್ಥನೆಯ) ತಿಂಗಳು, ನೆರೆಮನೆಯ ಮಕ್ಕಳಿಗೆ ದಸರಾ ರಜೆ ಇರುವಾಗ ನಮಗೂ ರಜೆ. ಕ್ರಿಸ್ಮಸ್‌ಗೆ ಸಿದ್ಧರಾಗುವ ಆಗಮನ ಕಾಲದ ನಾಲ್ಕು ವಾರ ಪಾಠವನ್ನು ಅರ್ಧಕ್ಕೆ ಇಳಿಸುತ್ತೇನೆ. ಪ್ರತಿ ಭಾನುವಾರ ಒಂದೊಂದು ಮೇಣದಬತ್ತಿ, ಆಮೇಲೆ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳು. ಅವುಗಳಲ್ಲೊಂದಾದ ಕಿಡಿಯೊಗೆ ಹಿಟ್ಟು ಅಳೆದು, ಫೋರ್ಕಿನ ಬೆನ್ನ ಮೇಲೆ ಸುರುಳಿ ಸುತ್ತುವ ಕೈ ಮರುದಿನ ಪೆನ್ಸಿಲನ್ನು ಗಟ್ಟಿಯಾಗಿ ಹಿಡಿಯುವುದನ್ನು ಕಂಡಿದ್ದೇನೆ. ಓದು ಬರಹದ ಕಷ್ಟದ ಭಾಗವೆಲ್ಲ ಜನವರಿಯಿಂದ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದವರೆಗೆ. ಪಾಸ್ಖ (ಈಸ್ಟರ್) ಹಬ್ಬದ ಬಳಿಕ ಹಳೆಯದನ್ನು ಒಮ್ಮೆ ತಿರುವಿ ಹಾಕಿದರೆ ಮುಗಿಯಿತು. ಮೇ ತಿಂಗಳು ಅಜ್ಜಿ ಮನೆಯದು, ಮಾವಿನಹಣ್ಣಿನದು.

ದಿನಕ್ಕೆ ಎರಡೂವರೆ ಗಂಟೆಗಿಂತ ಹೆಚ್ಚು ಕೂರಿಸುವುದಿಲ್ಲ, ಚಿಕ್ಕವನಿಗೆ ಒಂದು ಪಾಠ ಹದಿನೈದೇ ನಿಮಿಷ. ಭಕ್ತಿಯ ಹುರುಪಿನಲ್ಲಿ ದಿನಕ್ಕೊಂದು ವಾಕ್ಯ ಬಾಯಿಪಾಠ ಮಾಡಿಸಲು ಹೊರಡುವ ತಾಯಂದಿರೇ, ದಯವಿಟ್ಟು ತಿಂಗಳಿಗೆ ಎರಡು ಸಾಕು. ದೇವರ ಮಾತನ್ನು ಮಗು ಕಣ್ಣೀರಿಡುತ್ತಾ ಒಪ್ಪಿಸುವಂತಾಗಬಾರದು. ನಾನು ಮೊದಲ ವರ್ಷ ಹಾಗೆ ಮಾಡಿದೆ, ಅದರ ನೋವು ಇನ್ನೂ ಇದೆ.

ಇನ್ನೊಂದು ವಿಷಯದಲ್ಲಿ ನನ್ನದು ಹಟವೇ. ಮೊದಲ ಅಕ್ಷರ ಕನ್ನಡದ್ದಾಗಿರಲಿ. ನಮ್ಮ ಕರಾವಳಿಯಲ್ಲಿ ಕೊಂಕಣಿಯೂ ತುಳುವೂ ಅಚ್ಚಾಗುವುದು ಕನ್ನಡ ಲಿಪಿಯಲ್ಲೇ. ಒಂದು ಲಿಪಿ ಕೈಗೆ ಹತ್ತಿದ ದಿನವೇ ಮಗಳು ಅಜ್ಜಿಯ ಪಕ್ಕ ಕುಳಿತು, 1938ರಲ್ಲಿ ಶುರುವಾದ ‘ರಾಕ್ಣೊ’ ಕೊಂಕಣಿ ವಾರಪತ್ರಿಕೆಯ ತಲೆಬರಹಗಳನ್ನು ಕೂಡಿಸಿ ಕೂಡಿಸಿ ಓದಿದಳು. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಕನ್ನಡಕ್ಕೂ ಗಣಿತಕ್ಕೂ ಅವು ಧಾರಾಳ ಸಾಕು.

ಇದು ಶಾಲೆಗಳ ಮೇಲಿನ ದೂರಲ್ಲ. ಸಿಸ್ಟರ್‌ಗಳ ಶಾಲೆಯಲ್ಲಿ ಓದಿಯೇ ನಾನು ಶಿಕ್ಷಕಿಯಾದೆ. ಆದರೆ ಕಾನೂನಿನ ಮಾತನ್ನು ಹೇಳದೆ ಯಾರನ್ನೂ ಈ ದಾರಿಗೆ ಕರೆಯಲಾರೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 10ನೇ ಕಲಂ, 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎನ್ನುತ್ತದೆ. ಮನೆಯಲ್ಲಿ ಕಲಿಸುವವರ ಬಗ್ಗೆ ಅದರಲ್ಲಿ ಒಂದು ಪದವೂ ಇಲ್ಲ. ಶಾಲೆಗೆ ಸೇರದೆ ಉಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು 4ನೇ ಕಲಂ ಹೇಳುವುದು ನಮಗಿರುವ ಧೈರ್ಯ. ಮುಂದೆ 14 ತುಂಬಿದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೇ ತರಗತಿ ಪರೀಕ್ಷೆಯೂ ಇದೆ. ಆದರೆ ಮನೆಯಲ್ಲಿ ಕಲಿಸುವವರ ಬಗ್ಗೆ ಕಾಯಿದೆಯ ಈ ಮೌನದಿಂದಾಗಿ ನಾವು ತಪ್ಪು ಮಾಡಿದವರಂತೆ ಅಂಜಿ ಬದುಕಬೇಕಾಗಿದೆ. ನಮ್ಮಂಥವರು ಯಾವ ಕಚೇರಿಗೆ ತಿಳಿಸಬೇಕು, ಯಾವ ದಾಖಲೆ ಇಟ್ಟುಕೊಳ್ಳಬೇಕು ಎಂದು ಶಿಕ್ಷಣ ಇಲಾಖೆ ಒಂದು ಪುಟದಷ್ಟಾದರೂ ಬರೆದು ಪ್ರಕಟಿಸಲಿ. ಅಧಿಕಾರಿಗಳು ಬಂದು ನೋಡುವುದಾದರೆ ಮಕ್ಕಳ ನೋಟ್‌ಪುಸ್ತಕಗಳನ್ನೂ ಮಳೆ ಲೆಕ್ಕದ ಹಾಳೆಗಳನ್ನೂ ತೋರಿಸಲು ಸಿದ್ಧಳಿದ್ದೇನೆ.

ಕರೆ ಮಾಡಿದ ತಾಯಂದಿರು ಯಾವುದಾದರೂ ಶನಿವಾರ ಮಧ್ಯಾಹ್ನ ಮನೆಗೆ ಬರಲಿ, ಮಕ್ಕಳನ್ನೂ ಕರೆದುಕೊಂಡು. ಬರುವಾಗ ಹೊಸ ಪುಸ್ತಕವೇನೂ ಕೊಳ್ಳಬೇಡಿ, ಮನೆಯ ಕ್ಯಾಲೆಂಡರ್ ಮತ್ತು ಒಂದು ಪೆನ್ಸಿಲ್ ತನ್ನಿ.

– ಇಬ್ಬರು ಮಕ್ಕಳ ತಾಯಿ, ಕಲ್ಯಾಣಪುರ, ಉಡುಪಿ