ಸಂತು ಆರಾಮ ಇದ್ದಾನೆ, ಅವ್ವಾ

ಅವ್ವನಿಗೆ, ಅಪ್ಪನಿಗೆ ನಮಸ್ಕಾರ. ನಾನು, ಸಂತು ಇಬ್ಬರೂ ಆರಾಮ. ಮುಧೋಳದಲ್ಲಿ ಮಳಿ-ಬೆಳಿ, ಎಲ್ಲರೂ ಚೆನ್ನಾಗಿರಬೇಕು.

ಫೋನ್ ಮಾಡಿದರೆ ಬರೀ ಅಳುತ್ತೀ, ನನಗೆ ಹೇಳಲಿಕ್ಕೇ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ವೈನಿ ಓದಿ ಹೇಳಲಿ. ಮಂಜುಗಡ್ಡೆ ಒಡೆದು ನೀರಿಗೆ ಬಿದ್ದ ಮಕ್ಕಳನ್ನು ಎತ್ತಲು ಹೋಗಿ ತಾನೂ ಬಿದ್ದನಲ್ಲ, ಆದರೂ ಸಂತುನ ಕೈಕಾಲು ನೆಟ್ಟಗಿವೆ. ಯಾವ ಬೆರಳನ್ನೂ ತೆಗೆದಿಲ್ಲ. ವಾಟ್ಸಾಪಿನಲ್ಲಿ ಬಂದದ್ದು ಸುಳ್ಳು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡಿದ್ದು ಎದೆಬಡಿತ ನೋಡಲಿಕ್ಕೆ, ಅಷ್ಟೇ. ಮೈ ತೀರಾ ತಣ್ಣಗಾದರೆ ಬಡಿತ ತಪ್ಪುವುದುಂಟಂತೆ. ಅವನ ಬಡಿತ ತಪ್ಪಿಲ್ಲ.

ಅಮೆರಿಕದ ಈ ಮಿನೆಸೋಟ ರಾಜ್ಯದಲ್ಲಿ ಕೆರೆಗಳು ಎಷ್ಟೆಂದರೆ ಕಾರಿನ ನಂಬರ್ ಪ್ಲೇಟಿನ ಮೇಲೇ 10,000 ಕೆರೆ ಅಂತ ಬರೆದಿರುತ್ತಾರೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆ ಮೇಲೆ ಗಾಡಿ ಓಡಿಸುತ್ತಾರೆ, ಪುಟ್ಟ ಗುಡಿಸಲು ಇಟ್ಟು ತೂತು ಕೊರೆದು ಮೀನು ಹಿಡಿಯುತ್ತಾರೆ. ಅಪ್ಪ ನಂಬುವುದಿಲ್ಲ, ಫೋಟೋ ಕಳಿಸುತ್ತೇನೆ. ಮನುಷ್ಯ ನಡೆಯಬೇಕಾದರೆ 4 ಇಂಚು ಗಟ್ಟಿ ಮಂಜುಗಡ್ಡೆ ಬೇಕು. ಮಾರ್ಚ್ ಬಿಸಿಲಿಗೆ ಅದು ದಪ್ಪ ಕಂಡರೂ ಒಳಗೆ ಸಡಿಲ ಆಗಿರುತ್ತದೆ. ಮನೆ ಹಿಂದಿನ ಹೊಂಡದ ಮೇಲೆ ಎರಡು ಮಕ್ಕಳು ಚೆಂಡಿನ ಹಿಂದೆ ಓಡಿ ಒಳಗೆ ಬಿದ್ದವು.

ಸಂತು ಸುಮ್ನೆ ಜಿಗಿಯಲಿಲ್ಲ. ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ ಅಂತ ಕೂಗಿದ. ಪಕ್ಕದ ಮನೆಯ ಏಣಿ ತಂದು, ಬೋರಲು ಮಲಗಿ, ಅದನ್ನು ಮುಂದೆ ತಳ್ಳಿದ. ಮಲಗಿದರೆ ಭಾರ ಹಂಚಿಹೋಗುತ್ತದೆ. ಹುಡುಗಿ ಏಣಿ ಹಿಡಿದು ಬಂದಳು. ಸಣ್ಣ ಹುಡುಗನ ಕೈಗೆ ಹಿಡಿತವೇ ಇರಲಿಲ್ಲ. ಅಂಥ ನೀರಲ್ಲಿ 10 ನಿಮಿಷದೊಳಗೆ ಕೈಕಾಲು ಸೋತುಬಿಡುತ್ತವೆ. ಸಂತು ತೆವಳಿ ಮುಂದೆ ಹೋದ, ಕೆಳಗಿನ ಮಂಜುಗಡ್ಡೆ ಒಡೆಯಿತು. ಮೊದಲ ಒಂದು ನಿಮಿಷ ಉಸಿರೇ ಮಾತು ಕೇಳಲಿಲ್ಲವಂತೆ. ಆದರೂ ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಆ ಕೂಸಿನ ಕಾಲರ್. ಅಗ್ನಿಶಾಮಕದವರು ಹಗ್ಗ ಹಾಕಿ ಎಳೆಯುವವರೆಗೂ ಬಿಡಲಿಲ್ಲ. ಮಕ್ಕಳಿಬ್ಬರೂ ಉಳಿದರು.

'ಯಾರದೋ ಮಕ್ಕಳ ಸಲುವಾಗಿ ನನ್ನ ಮಗ ಯಾಕೆ ಸಾಯಬೇಕು' ಅಂತ ಕೇಳಿದೆಯಲ್ಲ, ಅದು ನನಗೆ ನಿದ್ದೆ ಕೆಡಿಸಿದೆ. ಅವ್ವಾ, 2019ರಲ್ಲಿ ಘಟಪ್ರಭಾ ಹೊಳೆ ಏರಿ ಬಂದಾಗ ಅಪ್ಪ ಹಗ್ಗ ಹಿಡಿದು ಓಣಿಯ ಮಂದಿಯನ್ನು ದಾಟಿಸಲಿಲ್ಲವಾ? ನೀನು ಬೇಡ ಅನ್ನಲಿಲ್ಲ. ರೊಟ್ಟಿ ಬಡಿದು ಅವರೆಲ್ಲರಿಗೂ ಕೊಟ್ಟೆ. ಸಂತು ಆಗ ಅಪ್ಪನ ಹಿಂದೆಯೇ ನಿಂತಿದ್ದ. ಇಲ್ಲಿ ಉಳಿದ ಆ ಸಣ್ಣ ಹುಡುಗನ ತಾಯಿ ನಮ್ಮ ಬಾಗಿಲಿಗೆ ಬಂದು ಸಂತುನ ಎರಡೂ ಕೈ ಹಿಡಿದುಕೊಂಡು ನಿಂತಳು, ಮಾತೇ ಬರಲಿಲ್ಲ. ನೀನು ಇದ್ದಿದ್ದರೆ ಆಕೆಯನ್ನು ಒಳಗೆ ಕರೆದು ಕೂರಿಸುತ್ತಿದ್ದೆ.

ನೀನು ಎಣ್ಣೆ ಹಚ್ಚಿ ತಿಕ್ಕು ಅಂದಿದ್ದೆ. ಡಾಕ್ಟರು ತಿಕ್ಕಬೇಡಿ ಅಂದರು, ಮೈ ನಿಧಾನಕ್ಕೆ ಬೆಚ್ಚಗಾಗಬೇಕಂತೆ. ಶುಂಠಿ ಕಷಾಯ ಮಾತ್ರ ನಿನ್ನ ಹಾಗೇ ಮಾಡಿ ಕುಡಿಸುತ್ತಿದ್ದೇನೆ. ಊಟ ಜಾಸ್ತಿಯೇ ಮಾಡುತ್ತಾನೆ. ನಿದ್ದೆಯೂ ಚೆನ್ನಾಗಿದೆ. ಸ್ವಲ್ಪ ಕೆಮ್ಮು ಇದೆ, ಅದು ಇಲ್ಲಿ ಎಲ್ಲರಿಗೂ ಇದೆ. ಏನೂ ಆಗಿಲ್ಲ, ಖರೇನೇ ಏನೂ ಆಗಿಲ್ಲ.

ಅವನನ್ನು ಊರಿಗೆ ಕರೆಸುವ ಮಾತು ಈಗ ಬೇಡ. ಬಯ್ಯಲೂಬೇಡ. ಉಪವಾಸ ಬಿಡು, ಬಿಪಿ ಗುಳಿಗೆ ತಪ್ಪಿಸಬೇಡ. ಬಸ್ಸಿನ ಹೊತ್ತಾಯಿತು, ಉಳಿದದ್ದು ರವಿವಾರ ಫೋನಿನಲ್ಲಿ.

ನಿನ್ನ ಮಗಳು,
ಸವಿತಾ